ಊರು ಕೂಡಿ ನುಡಿಸುವ ವಿದ್ಯುನ್ಮಾನ ಸಂಗೀತ: ಕೋಲಾರ ಸೀಮೆಯಿಂದ ಒಂದು ನೋಟ



ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಶಾಸನ, ಸಾಹಿತ್ಯ, ಜಾನಪದಗಳ ಮಾತು ನಡೆಯುತ್ತದೆ. ವಿದ್ಯುನ್ಮಾನ ಸಂಗೀತದ ಮಾತನ್ನು ಕೋಲಾರದಲ್ಲಿ ಏಕೆ ಆಡಬೇಕು ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಾದರೂ ಇದ್ದೀತು. ಈ ಮಾತನ್ನು ಇಲ್ಲಿಯೇ ನಿಂತು ಆಡಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕಾರಣಗಳನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನನ್ನ ವ್ಯಾಪ್ತಿ ಎಷ್ಟು ಎಂದು ಹೇಳಿಬಿಡುತ್ತೇನೆ. ಕಂಪ್ಯೂಟರು, ಸಿಂಥಸೈಜರು, ಮೈಕು, ಮೊಬೈಲು, ಕೈಯಾರೆ ಬೆಸುಗೆ ಹಾಕಿದ ಸಣ್ಣ ಸರ್ಕ್ಯೂಟು ಇಂಥವುಗಳಿಂದ ನಾದ ಹುಟ್ಟಿಸುವ ನಾಲ್ಕಾರು ಜನ ಒಂದೆಡೆ ಕೂಡುತ್ತಾರೆ. ಮೊದಲೇ ಬರೆದಿಟ್ಟುಕೊಂಡ ಸ್ವರಪಟ್ಟಿ ಇರುವುದಿಲ್ಲ. ಒಬ್ಬರ ನಾದಕ್ಕೆ ಇನ್ನೊಬ್ಬರು ಕಿವಿಗೊಟ್ಟು ಆಗಿಂದಾಗಲೇ ಸಂಗೀತ ಕಟ್ಟುತ್ತಾರೆ. ಎದುರಿನ ಪರದೆಯ ಮೇಲೆ ಚಿತ್ರವೂ ಹಾಗೆಯೇ ಆಗಿಂದಾಗಲೇ ಮೂಡುತ್ತದೆ. ಇದು ನನ್ನ ವಿಷಯ. ಸಿನಿಮಾ ಸಂಗೀತಕ್ಕೆ ನಾನು ಹೋಗುವುದಿಲ್ಲ. ವಿದ್ಯುತ್ತು ಈ ಜಿಲ್ಲೆಗೆ ಬಂದ ಬಗೆ, ಬೂದಿಕೋಟೆಯ ‘ನಮ್ಮ ಧ್ವನಿ’, ಹೊರಜಗತ್ತಿನಲ್ಲೂ ಬೆಂಗಳೂರಿನಲ್ಲೂ ನಡೆದಿರುವ ಪ್ರಯೋಗಗಳು, ಕೊನೆಗೆ ನಮ್ಮ ತಮಟೆ ಮತ್ತು ಹುಣ್ಣಿಮೆ ಹಾಡು, ಹೀಗೆ ಮಾತು ಸಾಗುತ್ತದೆ.

ವಿದ್ಯುತ್ತಿನಿಂದ ಪ್ರಾರಂಭಿಸೋಣ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರ ಚಿನ್ನದ ಗಣಿಗಳಿಗೆ ಬಂತು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ, ಮೂರು ವರ್ಷಗಳ ನಂತರ. ಆದರೆ ಆ ವಿದ್ಯುತ್ತು ಬಂದದ್ದು ಗಣಿಯ ಯಂತ್ರಗಳಿಗಾಗಿ. ಸುತ್ತಲಿನ ಹಳ್ಳಿಗಳ ಜನ ತಂತಿ ತಮ್ಮ ತಲೆಯ ಮೇಲೆ ಹಾದುಹೋಗುವುದನ್ನು ನೋಡಿಕೊಂಡು ಎಷ್ಟೋ ಕಾಲ ಬುಡ್ಡಿ ದೀಪದಲ್ಲೇ ಉಳಿದರು.

ಇವತ್ತಿನ ಚಿತ್ರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಮೊದಲು ವಿಸ್ಟ್ರಾನ್ ನಡೆಸುತ್ತಿದ್ದು 2023ರಲ್ಲಿ ಟಾಟಾ ಸಮೂಹದ ಕೈಗೆ ಬಂದ ಕಾರ್ಖಾನೆಯಲ್ಲಿ, ಐಫೋನುಗಳು ಜೋಡಣೆಯಾಗುತ್ತವೆ. ಲೋಕದ ಯಾವುದೋ ಮೂಲೆಯ ಕಲಾವಿದ ಆ ಫೋನಿನಲ್ಲಿ ನಾದವನ್ನು ಹಿಡಿದು, ಕತ್ತರಿಸಿ, ಹೆಣೆದು ಹೊಸ ಸಂಗೀತ ಮಾಡುತ್ತಾನೆ. ಅದನ್ನು ಜೋಡಿಸಿದ ಕೈ ನಮ್ಮ ಸೀಮೆಯ ಹೆಣ್ಣುಮಗಳದ್ದೂ ಇರಬಹುದು. ಅವಳಿಗೆ ಸೂಕ್ಷ್ಮ ಬಿಡಿಭಾಗಗಳ ಮೇಲೆ ಹಿಡಿತವಿದೆ, ಏಕಾಗ್ರತೆಯಿದೆ. ಆದರೆ ಆ ಯಂತ್ರದಿಂದ ತನ್ನದೇ ನಾದ ಕಟ್ಟಲು ಅವಳಿಗೊಂದು ಜಾಗ, ಒಂದು ಸಂಜೆ, ನಾಲ್ಕು ಜನ ಜೊತೆಗಾರರು ಸಿಕ್ಕಿಲ್ಲ.

ನಡುವಿನ ನೂರು ವರ್ಷಗಳಲ್ಲಿ ವಿದ್ಯುನ್ಮಾನ ನಾದ ನಮ್ಮ ಊರುಗಳಿಗೆ ಬರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಬಂದಿದೆ. ಮೈಕ್‌ಸೆಟ್ಟು ಬಂತು, ಕರಗಕ್ಕೆ, ಗಂಗಮ್ಮನ ಜಾತ್ರೆಗೆ ರಸಮಂಜರಿ ಆರ್ಕೆಸ್ಟ್ರಾ ಬಂತು, ಕೀಬೋರ್ಡು, ರಿದಮ್ ಪ್ಯಾಡು ಬಂದವು. ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸುವ ಹುಡುಗರ ಕೈಚಳಕವನ್ನು ನೋಡಿದವರಿಗೆ ಅವರಲ್ಲಿ ಎಂಥ ಲಯಜ್ಞಾನವಿದೆ ಎಂಬುದು ಗೊತ್ತು. ಆದರೆ ಅವರು ನುಡಿಸಬೇಕಾದದ್ದು ಕ್ಯಾಸೆಟ್ಟಿನಲ್ಲಿ, ಪೆನ್‌ಡ್ರೈವಿನಲ್ಲಿ ಇರುವುದರ ತದ್ರೂಪು. ಒಂದು ಪೆಟ್ಟು ಆಚೀಚೆಯಾದರೆ ‘ಒರಿಜಿನಲ್ ಥರ ಬರಲಿಲ್ಲ’ ಎಂಬ ಮಾತು ಕೇಳಬೇಕು. ನಾದವನ್ನು ಬಾಡಿಗೆಗೆ ತಂದದ್ದಾಯಿತು. ನಮ್ಮದೇ ನಾದ ಹುಟ್ಟಿಸುವ ಧೈರ್ಯ ಮಾತ್ರ ಬರಲಿಲ್ಲ.

ಈಗ ಎರಡನೆಯ ಮಾತಿಗೆ, ಬೂದಿಕೋಟೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಜಿಲ್ಲೆ ದೇಶಕ್ಕೇ ದಾರಿ ತೋರಿಸಿದ ಒಂದು ಪ್ರಯೋಗ ಅಲ್ಲಿ ನಡೆಯಿತು. ಇವತ್ತಿನ ಎಷ್ಟೋ ವಿದ್ಯಾರ್ಥಿಗಳು ಅದರ ಹೆಸರನ್ನೂ ಕೇಳಿಲ್ಲ.

ಹೈದರಾಲಿ ಹುಟ್ಟಿದ ಊರೆಂದು ಬೂದಿಕೋಟೆ ಚರಿತ್ರೆಯಲ್ಲಿ ಪ್ರಸಿದ್ಧ. ಬಂಗಾರಪೇಟೆ ತಾಲ್ಲೂಕಿನ ಈ ಊರಿನಲ್ಲಿ 2001ರ ಹೊತ್ತಿಗೆ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನೊಂದಿಗೆ ‘ನಮ್ಮ ಧ್ವನಿ’ ಎಂಬ ಧ್ವನಿ ಕೇಂದ್ರವನ್ನು ಪ್ರಾರಂಭಿಸಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು, ಊರಿನ ಯುವಕರು ಧ್ವನಿಮುದ್ರಣ ಕಲಿತರು, ಸಂಕಲನ ಕಲಿತರು. ಬೀಜ, ಸಾಲ, ಆರೋಗ್ಯ, ಕುಡಿಯುವ ನೀರು, ಸೋಬಾನೆ ಪದ ಎಲ್ಲವೂ ಅವರ ಕಾರ್ಯಕ್ರಮಗಳಾದವು. ಆದರೆ ಪ್ರಸಾರ ಮಾಡುವಂತಿರಲಿಲ್ಲ. ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲೇ ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಬೆನ್ನಲ್ಲೇ 1996ರಲ್ಲಿ ಬೆಂಗಳೂರಿನಲ್ಲಿ ಸೇರಿದವರು ಸಮುದಾಯಗಳಿಗೆ ರೇಡಿಯೊ ಬೇಕೆಂಬ ಘೋಷಣೆ ಹೊರಡಿಸಿದ್ದರು. ಸರ್ಕಾರದ ನೀತಿ ಮಾತ್ರ ನಿಧಾನವಾಗಿ ನಡೆಯಿತು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅನುಮತಿ ಸಿಕ್ಕಿತು. ಸಾಮಾನ್ಯ ಜನರ ಸಂಸ್ಥೆಗಳಿಗೆ ಆ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ.

ಅಲ್ಲಿಯವರೆಗೆ ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಮೊದಲು ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು, ಧ್ವನಿವರ್ಧಕದಲ್ಲಿ ಜನ ಸೇರುವ ಕಡೆ ಹಾಕಿದರು. 2003ರಲ್ಲಿ ಊರಿನ ಕೇಬಲ್ ಟಿವಿಯ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಆಕಾಶದಲ್ಲಿ ಹೋಗಲು ಅಪ್ಪಣೆ ಇಲ್ಲದ ಧ್ವನಿ ತಂತಿ ಹಿಡಿದು ಮನೆ ಸೇರಿತು. ತಂತ್ರಜ್ಞಾನದ ಬಗ್ಗೆ ಇಷ್ಟು ಸ್ವತಂತ್ರವಾಗಿ ಯೋಚಿಸುವುದನ್ನು ಯಾವ ಎಂಜಿನಿಯರಿಂಗ್ ಕಾಲೇಜೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

‘ನಮ್ಮ ಧ್ವನಿ’ ಸಂಗೀತ ಪ್ರಯೋಗಶಾಲೆಯಾಗಿರಲಿಲ್ಲ, ನಿಜ. ಆದರೂ ನನ್ನ ವಿಷಯಕ್ಕೆ ಅದನ್ನು ಅಡಿಗಲ್ಲೆಂದು ನಾನು ಭಾವಿಸುತ್ತೇನೆ. ಮೈಕಿನ ಮುಂದೆ ಅವರೇ ಕುಳಿತರು, ಯಂತ್ರದ ಗುಂಡಿಗಳನ್ನು ಅವರೇ ತಿರುಗಿಸಿದರು, ಏನು ಕೇಳಿಸಬೇಕು ಎಂದು ಅವರೇ ತೀರ್ಮಾನಿಸಿದರು. ಊರವರು ಕೂಡಿ ಮಾಡುವ ವಿದ್ಯುನ್ಮಾನ ಕಲೆಗೆ ಬೇಕಾದ ಮೊದಲ ಶರತ್ತು ಇದೇ. ಇದಕ್ಕೆ ಸಮೀಪದ ಇನ್ನೊಂದು ಉದಾಹರಣೆ ತುಮಕೂರು ಜಿಲ್ಲೆಯಲ್ಲಿದೆ. ದೇವರಾಯನದುರ್ಗದ ಬಳಿ ಜನಸ್ತು ಸಂಸ್ಥೆಯವರು ಹಳ್ಳಿಯವರದ್ದೇ ಆದ ವೈಫೈ ಜಾಲ ಕಟ್ಟಿ, ಕಲಾವಿದರು, ತಂತ್ರಜ್ಞರು, ಹಳ್ಳಿಯ ಮಕ್ಕಳು ಒಟ್ಟಿಗೆ ಕುಳಿತು ಕೆಲಸ ಮಾಡುವ ಕೂಟಗಳನ್ನು ನಡೆಸಿದ್ದಾರೆ.

ಇನ್ನು ಹೊರಜಗತ್ತಿನ ಕಡೆ ತಿರುಗೋಣ. ಎಲ್ಲವನ್ನೂ ಹೇಳುವಷ್ಟು ಹೊತ್ತಿಲ್ಲ, ನಮಗೆ ಪಾಠವಾಗಬಲ್ಲ ಕೆಲವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೊ ಕಟ್ಟಲು ನೆರವಾದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ, ಅತುಲ್ ದೇಸಾಯಿ ಅಲ್ಲಿ ಕೆಲಸ ಮಾಡಿದರು. ಭಾರತದ ಮೊದಲ ವಿದ್ಯುನ್ಮಾನ ಸಂಗೀತದ ಸ್ಟುಡಿಯೊ ಅದು. ಆದರೆ 1972ರ ನಂತರ ಅಲ್ಲಿನ ಕೆಲಸ ಮುಂದುವರಿಯಲಿಲ್ಲ. ಟೇಪುಗಳು ಕಪಾಟು ಸೇರಿದವು. ಪಾಲ್ ಪುರ್ಗಾಸ್ ಎಂಬ ಕಲಾವಿದ ಅವನ್ನು ಹುಡುಕಿ ತೆಗೆದು, ಅವು ಆಲ್ಬಮ್ಮಾಗಿ ಹೊರಬಂದದ್ದು 2023ರಲ್ಲಿ. ಅರ್ಧ ಶತಮಾನದ ಮೌನಕ್ಕೆ ಕಾರಣವೇನು? ಪ್ರತಿಭೆಯ ಕೊರತೆ ಖಂಡಿತ ಇರಲಿಲ್ಲ. ಒಂದೇ ಯಂತ್ರ, ಒಂದೇ ಸಂಸ್ಥೆಯ ಬೀಗದೊಳಗೆ ಇತ್ತು. ಹೊರಗೆ ಅದನ್ನು ತನ್ನದೆಂದು ಕೇಳುವ ಸಮುದಾಯ ಬೆಳೆದಿರಲಿಲ್ಲ ಎಂಬುದು ನನ್ನ ತೀರ್ಮಾನ.

ಇದಕ್ಕೆ ವಿರುದ್ಧವಾದ ಉದಾಹರಣೆ ಕ್ಯಾಲಿಫೋರ್ನಿಯಾದ್ದು. 1978ರಲ್ಲಿ ಜಿಮ್ ಹಾರ್ಟನ್, ಜಾನ್ ಬಿಷಾಫ್, ರಿಚ್ ಗೋಲ್ಡ್ ಎಂಬ ಗೆಳೆಯರು ‘ಕಿಮ್-1’ ಎಂಬ ಅಗ್ಗದ ಪುಟ್ಟ ಕಂಪ್ಯೂಟರ್ ಹಲಗೆಗಳನ್ನು ತಂತಿಯಿಂದ ಒಂದಕ್ಕೊಂದು ಬೆಸೆದು ಮೇಳ ಕಟ್ಟಿದರು. ಒಬ್ಬನ ಯಂತ್ರ ಹೊರಡಿಸಿದ ಸಂಖ್ಯೆ ಇನ್ನೊಬ್ಬನ ಯಂತ್ರದ ಸ್ವರವನ್ನು ಬದಲಿಸುತ್ತಿತ್ತು. ಬರ್ಕ್ಲಿಯ ಒಂದು ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ಅವರು ಗಂಟೆಗಟ್ಟಲೆ ನುಡಿಸುವರು, ಜನ ಬಂದು ಕೂತು, ಕೇಳಿ, ಎದ್ದು ಹೋಗುವರು. ನಮ್ಮ ಭಜನೆ ಮನೆಯ ಶನಿವಾರದ ಭಜನೆಯೂ ನಡೆಯುವುದು ಹೀಗೆಯೇ. ಆ ಬಳಗದಿಂದ ಮುಂದೆ ‘ದಿ ಹಬ್’ ಎಂಬ ಇನ್ನೊಂದು ತಂಡ ಹುಟ್ಟಿತು, ಅದನ್ನು ನೋಡಿ ಮತ್ತೆಷ್ಟೋ ತಂಡಗಳು ಹುಟ್ಟಿದವು.

ಇನ್ನೂ ಒಂದು ಸಂಗತಿ ಹೇಳಬೇಕು. ಅದನ್ನು ಕೇಳಿದರೆ ನಮ್ಮ ತಾಳವಾದ್ಯಗಾರರು ಸಂತೋಷಪಡುತ್ತಾರೆ. ಈಗ ಹಲವು ದೇಶಗಳಲ್ಲಿ ‘ಆಲ್ಗೊರೇವ್’ ಎಂಬ ಕೂಟಗಳು ನಡೆಯುತ್ತವೆ. ಮೊದಲನೆಯದು 2012ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಕಲಾವಿದರು ಸಭೆಯ ಎದುರಿಗೇ ಕಂಪ್ಯೂಟರಿನಲ್ಲಿ ಸಂಕೇತ, ಅಂದರೆ ಕೋಡ್, ಬರೆದು ನಾದ ಹೊಮ್ಮಿಸುತ್ತಾರೆ. ಬರೆಯುತ್ತಿರುವುದನ್ನು ಪರದೆಯ ಮೇಲೆ ಎಲ್ಲರಿಗೂ ಕಾಣಿಸಬೇಕು, ಮುಚ್ಚಿಡಬಾರದು ಎಂಬುದು ಅವರ ಧರ್ಮ. ಅಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಟೈಡಲ್ ಸೈಕಲ್ಸ್’ ಎಂಬ ಉಚಿತ ತಂತ್ರಾಂಶವನ್ನು ಬರೆದವರು ಅಲೆಕ್ಸ್ ಮೆಕ್ಲೀನ್. ಅದರಲ್ಲಿ ಲಯದ ವಿನ್ಯಾಸ ಬರೆಯುವ ಕ್ರಮಕ್ಕೆ ಪ್ರೇರಣೆ ಬಂದದ್ದು ಬರ್ನಾರ್ಡ್ ಬೆಲ್ ಅವರ ‘ಬೋಲ್ ಪ್ರೊಸೆಸರ್’ ಎಂಬ ತಂತ್ರಾಂಶದಿಂದ. ಆ ಬೋಲ್ ಪ್ರೊಸೆಸರ್ ಹುಟ್ಟಿದ್ದೇ 1980ರ ದಶಕದ ಆರಂಭದಲ್ಲಿ, ಲಖನೌ ಘರಾಣೆಯ ತಬಲಾ ವಾದಕರು ಕಾಯ್ದಾ ಎಂಬ ಲಯವಿನ್ಯಾಸಗಳನ್ನು ಕೂತಲ್ಲೇ ವಿಸ್ತರಿಸುವ ಬಗೆಯನ್ನು ಜೇಮ್ಸ್ ಕಿಪ್ಪೆನ್ ಎಂಬ ಸಂಶೋಧಕರೊಂದಿಗೆ ಅರಿಯುವುದಕ್ಕಾಗಿ. ಲಂಡನ್ನಿನ ಕತ್ತಲ ಕೋಣೆಯಲ್ಲಿ ಯುವಜನರನ್ನು ಕುಣಿಸುವ ಸಂಕೇತದ ಬೇರಿನಲ್ಲಿ ನಮ್ಮ ದೇಶದ ಬಾಯಿಪಾಠದ ಬೋಲುಗಳಿವೆ.

ಬೆಂಗಳೂರು ಈ ದಾರಿಯಲ್ಲಿ ಹಿಂದೆ ಬಿದ್ದಿಲ್ಲ. 1964ರಲ್ಲಿ ಟಿ. ಎ. ಎಸ್. ಮಣಿ ಅವರು ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್. ಎ. ರಮಾಮಣಿ ಅವರ ಗಾಯನದೊಂದಿಗೆ, ಜರ್ಮನಿಯ ಸಂಗೀತಗಾರರ ಜೊತೆಗೂ ಚಾರ್ಲಿ ಮರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕರ ಜೊತೆಗೂ ಮನೋಧರ್ಮದ ಸಂವಾದ ನಡೆಸಿತು. 1983ರ ‘ಜ್ಯೋತಿ’ ಆಲ್ಬಮ್ಮು ಅದಕ್ಕೆ ಸಾಕ್ಷಿ. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ತಯಾರಿಸಿದ ರಾಡೆಲ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಇಂದು ಸಂಗೀತ ಪಾಠದ ಮನೆಗಳಲ್ಲೆಲ್ಲ ಇವೆ. ವಿದ್ಯುನ್ಮಾನ ನಾದವನ್ನು ನಮ್ಮ ಸಂಪ್ರದಾಯಸ್ಥರೂ ಒಪ್ಪಿ, ಅದರ ಎದುರು ಕೂತು ಶ್ರುತಿ ಹಿಡಿದಿದ್ದಾರೆ ಎಂಬುದನ್ನು ಮರೆಯಬಾರದು. ಇತ್ತೀಚೆಗೆ ಯಶಸ್ ಶೆಟ್ಟಿ ಮತ್ತು ಗೆಳೆಯರ ‘ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಷನ್’ ಬಳಗ ತಮ್ಮದೇ ವಾದ್ಯಗಳನ್ನು ಕಟ್ಟಿ ನುಡಿಸಿದೆ. ಆಲ್ಗೊರೇವ್ ಕೂಟಗಳೂ ನಡೆದಿವೆ. ಇವೆಲ್ಲ ನಡೆದಿರುವುದು ಕೋಲಾರದಿಂದ ಎರಡು ಗಂಟೆಯ ಬಸ್ ದಾರಿಯಲ್ಲಿ.

ಈಗ ನನ್ನ ಮಾತಿನ ಹೃದಯಕ್ಕೆ ಬರುತ್ತೇನೆ. ನಮ್ಮ ನೆಲದಲ್ಲಿ ಇದಕ್ಕೆ ಆಧಾರವೇನಿದೆ?

ತಮಟೆ ಇದೆ. ನುಡಿಸುವ ಮೊದಲು ಬೆಂಕಿ ಹಾಕಿ, ಚರ್ಮವನ್ನು ಕಾಯಿಸಿ, ಬೆರಳಿನಿಂದ ತಟ್ಟಿ ಕಿವಿಯಲ್ಲೇ ಶ್ರುತಿ ನೋಡುವ ಆ ಕೆಲಸವನ್ನು ಗಮನಿಸಿ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ. ಗುಂಪಿನ ಹಿರಿಯ ಒಂದು ಪೆಟ್ಟು ಬದಲಿಸಿದರೆ ಸಾಕು, ಉಳಿದವರು ಕಣ್ಣಿನಲ್ಲಿ, ಹೆಜ್ಜೆಯಲ್ಲಿ ಅದನ್ನು ಹಿಡಿದು ಹೊಸ ಗತ್ತಿಗೆ ಹೊರಳುತ್ತಾರೆ. ಒಬ್ಬ ಬಿಟ್ಟುಕೊಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ. ಯಾರೂ ಬರೆದುಕೊಟ್ಟಿಲ್ಲ, ಆದರೂ ಯಾರೂ ದಾರಿ ತಪ್ಪುವುದಿಲ್ಲ. ಬರ್ಕ್ಲಿಯ ಗೆಳೆಯರು ತಂತಿಗಳ ಮೂಲಕ ಸಾಧಿಸಲು ಹೊರಟ ಪರಸ್ಪರ ಆಲಿಕೆ ಇಲ್ಲಿ ತಲೆಮಾರುಗಳಿಂದ ಇದೆ. 2007ರವರೆಗೆ ನಮ್ಮದೇ ಜಿಲ್ಲೆಯಾಗಿದ್ದ ಈಗಿನ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಿದ್ಯೆಗೆ.

ಆದರೆ ಇದನ್ನು ಬರೀ ಸಂಭ್ರಮದ ಮಾತಾಗಿ ಆಡಿ ಮುಂದೆ ಹೋಗುವುದು ಅನ್ಯಾಯ. ತಮಟೆಯನ್ನು ಜಾತಿಯ ಹೊರೆಯಾಗಿ ಒಂದು ಸಮುದಾಯದ ಹೆಗಲಿಗೆ ಏರಿಸಿದವರು ನಾವು. ಸಾವಿನ ಮನೆಯ ಮುಂದೆ, ದೇವರ ಉತ್ಸವದ ಮುಂದೆ ಬಾರಿಸಬೇಕು, ಗುಡಿಯೊಳಗೆ ಕಾಲಿಡಬಾರದು. ಅದಕ್ಕಾಗಿಯೇ ದಲಿತ ಚಳವಳಿಯ ದಿನಗಳಲ್ಲಿ ಹಲವರು ತಮಟೆ ಬಡಿಯುವುದಿಲ್ಲ ಎಂದು ನಿರಾಕರಿಸಿದರು, ಅದು ಆತ್ಮಗೌರವದ ನಿರಾಕರಣೆ. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಹಾಡಿನ ಜೊತೆಗೆ ವೇದಿಕೆಗೆ ತಂದು ಕಲೆಯೆಂದು ಎತ್ತಿಹಿಡಿದರು. ಎರಡನ್ನೂ ನಾನು ಗೌರವಿಸುತ್ತೇನೆ. ಲ್ಯಾಪ್‌ಟಾಪ್ ಹಿಡಿದ ನಗರದ ಕಲಾವಿದ ತಮಟೆಯ ನಾದವನ್ನು ಕೇಳಿ ಮರುಳಾಗಿ ಬಂದಾಗ ಈ ಚರಿತ್ರೆಯನ್ನು ತಿಳಿದುಕೊಂಡೇ ಬರಬೇಕು.

ಇಂಥ ಎಚ್ಚರದ ನೆಲೆಯೊಂದು ನಮ್ಮ ಎದುರಿನ ಬೆಟ್ಟದ ಮೇಲೆಯೇ ಇದೆ. ತೇರಹಳ್ಳಿ ಬೆಟ್ಟದ ಶಿವಗಂಗೆಯಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಒಡನಾಡಿಗಳು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ ‘ಹುಣ್ಣಿಮೆ ಹಾಡು’ ಕಾರ್ಯಕ್ರಮವನ್ನು ತಿಂಗಳ ತಿಂಗಳೂ ನಡೆಸಿಕೊಂಡು ಬಂದಿದೆ. ಊರುಗಳಿಂದ ಜನ ಬೆಟ್ಟ ಹತ್ತುತ್ತಾರೆ. ಹಾಡುವವರು, ಆಡುವವರು, ಕೇಳುವವರು ಒಂದೇ ಬಂಡೆಯ ಮೇಲೆ ಕೂರುತ್ತಾರೆ. ಪಂಚಾಂಗದ ಹುಣ್ಣಿಮೆಯೇ ಆಹ್ವಾನ ಪತ್ರಿಕೆ. ಸಮುದಾಯದ ಕಲೆ ಬಾಳಬೇಕಾದರೆ ಉತ್ಸವಕ್ಕಿಂತ ಇಂಥ ತಿಂಗಳ ಕ್ರಮ ಮುಖ್ಯ. ಅಹಮದಾಬಾದಿಗೆ ಇಲ್ಲದೇ ಹೋದದ್ದು ಇದೇ.

ಇದಕ್ಕೂ ಹಿಂದಕ್ಕೆ ಹೋದರೆ ಮುಳಬಾಗಿಲಿನ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲೇ ಕನ್ನಡ ಪದಗಳನ್ನು ಮಠದಲ್ಲಿ ಗುಂಪು ಕೂಡಿ ಹಾಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಶ್ರೀನಿವಾಸಪುರದ ಕಡೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಸಂತೆಯಲ್ಲಿ ದಖನಿಯೂ ತಮಿಳೂ ಕಿವಿಗೆ ಬೀಳುತ್ತವೆ. ಕೇಳಿಕೆ ಎಂಬ ಜನಪದ ಆಟದಲ್ಲಿ ಈ ಭಾಷೆಗಳು ಬೆರೆಯುವುದನ್ನು ನೀವು ಬಲ್ಲಿರಿ. ಇಷ್ಟು ದನಿಗಳನ್ನು ಒಟ್ಟಿಗೆ ಕೇಳಿ ಬೆಳೆದ ಕಿವಿಗೆ ಹೊಸ ನಾದ ಹೆದರಿಕೆ ಹುಟ್ಟಿಸಲಾರದು.

ಮುಗಿಸುವ ಮುನ್ನ ಎರಡು ಆಕ್ಷೇಪಗಳನ್ನು ಎತ್ತಿಕೊಳ್ಳಬೇಕು. ವಿದ್ಯುನ್ಮಾನ ನಾದ ಎಂದರೆ ಎದೆ ನಡುಗಿಸುವ ಡಿಜೆ ಎಂಬ ಭಯ ಹಿರಿಯರಲ್ಲಿದೆ. ಮೆರವಣಿಗೆಗಳಲ್ಲಿ ತಮಟೆಯವರ ಅನ್ನ ಕಿತ್ತುಕೊಂಡದ್ದೂ ಅದೇ ಡಿಜೆ, ಈ ದೂರು ನ್ಯಾಯವಾದದ್ದು. ಆದರೆ ನಾನು ಹೇಳುತ್ತಿರುವ ಸಂಗೀತಕ್ಕೆ ದೊಡ್ಡ ಸ್ಪೀಕರಿನ ಗೋಡೆ ಬೇಕಿಲ್ಲ. ಆಲಿಸುವುದೇ ಮುಖ್ಯವಾದ ಕಡೆ ಅಬ್ಬರಕ್ಕೆ ಜಾಗವಿಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ, ಪುಟ್ಟ ಮೈಕಿನಂತೆ ಕಂಪನ ಹಿಡಿಯುವ ಪೀಜೋ ತಟ್ಟೆಯನ್ನು ತಮಟೆಯ ಚೌಕಟ್ಟಿಗೆ, ರಾಗಿ ಬೀಸುವ ಕಲ್ಲಿಗೆ, ಕೊಡದ ಮೈಗೆ ಅಂಟಿಸಿದರೆ ಕಿವಿಗೆ ಸಿಗದ ಸೂಕ್ಷ್ಮ ಕಂಪನಗಳು ಕೇಳಿಸುತ್ತವೆ. ‘ಸೋನಿಕ್ ಪೈ’, ‘ಪ್ಯೂರ್ ಡೇಟಾ’ದಂಥ ತಂತ್ರಾಂಶಗಳು ಉಚಿತ. ಚಿತ್ರಕ್ಕೆ ಬೇಕಾದ ‘ಹೈಡ್ರಾ’ವನ್ನು ಒಲಿವಿಯಾ ಜ್ಯಾಕ್ ಎಂಬ ಕಲಾವಿದೆ ಉಚಿತವಾಗಿಯೇ ಕೊಟ್ಟಿದ್ದಾರೆ, ಬ್ರೌಸರು ತೆರೆದರೆ ಸಾಕು. ದೀಪ, ಪರದೆ, ಸ್ಥಳದಲ್ಲೇ ಹುಟ್ಟುವ ಮಾತು, ಇಷ್ಟರಿಂದಲೇ ರಾತ್ರಿಯಿಡೀ ಕಥೆ ಕಟ್ಟಿದ ತೊಗಲುಗೊಂಬೆ ಕಲಾವಿದರ ನಾಡಿಗೆ ಪರದೆಯ ಕಲೆ ಅಪರಿಚಿತವೇ?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಧ್ವನಿ ಹಿಡಿದುಕೊಂಡು ಹೋದವರು ಹೆಸರು ಹೇಳುವುದಿಲ್ಲ, ಹಣ ಕೊಡುವುದಿಲ್ಲ ಎಂದು ಹಾಡುಗಾರ ತಾಯಂದಿರು ನೊಂದುಕೊಳ್ಳುತ್ತಾರೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೂ ನುಡಿಸಿದವರಿಗೂ ಹಕ್ಕಿದೆ, 2012ರ ತಿದ್ದುಪಡಿ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಕೂಡಿ ನುಡಿಸುವ ಪ್ರತಿ ಕೂಟದಲ್ಲೂ ಮೊದಲೇ ಮಾತಾಗಬೇಕು: ಧ್ವನಿಮುದ್ರಣ ಯಾರ ಬಳಿ ಉಳಿಯುತ್ತದೆ, ಎಲ್ಲಿ ಬಳಕೆಯಾಗುತ್ತದೆ, ಬಂದ ಹಣದ ಪಾಲು ಹೇಗೆ. ಒಪ್ಪಿಗೆ ಕೊಡದವರ ಒಂದು ಸೊಲ್ಲನ್ನೂ ಯಂತ್ರಕ್ಕೆ ಹಾಕಬಾರದು. ಈ ನಿಯಮದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಸಭಿಕರೇ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೂ ಆಗಿವೆ. ಅವುಗಳಲ್ಲಿ ಕಂಪ್ಯೂಟರುಗಳೂ ಬಂದಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪ್ರತಿ ತಾಲ್ಲೂಕಿನಲ್ಲೂ ಒಂದೊಂದು ಅರಿವು ಕೇಂದ್ರ ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಬಿಟ್ಟುಕೊಡಲಿ. ಆರ್ಕೆಸ್ಟ್ರಾದ ಪ್ಯಾಡ್ ವಾದಕ, ತಮಟೆಯ ಹಿರಿಯ, ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗ, ನರಸಾಪುರದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವ ಹೆಣ್ಣುಮಗಳು ಒಂದೇ ಚಾಪೆಯ ಮೇಲೆ ಕೂರಲಿ. ತಮಟೆಯವರಿಗೆ ಅತಿಥಿ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಸಿಗಲಿ. ಇದಕ್ಕೆ ಮುಂದಾಗುವ ಮೊದಲ ಅರಿವು ಕೇಂದ್ರಕ್ಕೆ ಒಂದು ಸಣ್ಣ ಮಿಕ್ಸರು, ಎರಡು ಮೈಕು, ಒಂದು ಡಬ್ಬಿ ಪೀಜೋ ತಟ್ಟೆ ಕೊಳ್ಳಲು ಈ ಉಪನ್ಯಾಸದ ಗೌರವಧನವನ್ನು ಕೊಡುತ್ತಿದ್ದೇನೆ. ಈ ಕಾಲೇಜಿನ ಕಚೇರಿಯಲ್ಲಿ ಹೆಸರು ಬರೆಸಿ. ನಿಮ್ಮ ಊರಿಗೆ ನಾನೂ ಬರುತ್ತೇನೆ.